ಜಾಬ್ ಸೀಕರ್ ವೀಸಾದಲ್ಲಿ ಯುಎಇಗೆ ಬಂದವರು ಉದ್ಯೋಗದ ರೆಸಿಡೆನ್ಸಿಗೆ ಬದಲಾಗುವುದು ಹೇಗೆ?

ಯುಎಇಯಲ್ಲಿ ಕೆಲಸ ಹುಡುಕಲು ಬರುವವರಿಗೆಂದೇ ಇರುವ ವೀಸಾ 2022ರ ಅಕ್ಟೋಬರ್ 3ರಿಂದ ಜಾರಿಯಲ್ಲಿದೆ. ಕಂಪೆನಿಯಾಗಲಿ, ಇಲ್ಲಿರುವ ಸಂಬಂಧಿಕರಾಗಲಿ ಸ್ಪಾನ್ಸರ್ ಆಗಬೇಕಿಲ್ಲ. ಅವಧಿ 60, 90 ಅಥವಾ 120 ದಿನ, ಪ್ರವೇಶ ಒಂದೇ ಸಲ. ಆದರೆ ಇದು ಎಲ್ಲರಿಗೂ ಸಿಗುವಂಥದ್ದಲ್ಲ. ಕನಿಷ್ಠ ಪದವಿ ಇರಬೇಕು. ಮಾನವ ಸಂಪನ್ಮೂಲ ಸಚಿವಾಲಯದ ಕೌಶಲ ಪಟ್ಟಿಯ ಮೊದಲ ಮೂರು ಹಂತಗಳಲ್ಲಿ, ಅಂದರೆ ಮ್ಯಾನೇಜರ್, ವೃತ್ತಿಪರ, ಟೆಕ್ನಿಷಿಯನ್ ದರ್ಜೆಗಳಲ್ಲಿ, ನಿಮ್ಮ ವೃತ್ತಿ ಬರಬೇಕು. ಇಲ್ಲವೇ ಜಗತ್ತಿನ ಮೊದಲ 500 ವಿಶ್ವವಿದ್ಯಾಲಯಗಳಲ್ಲಿ ಒಂದರಿಂದ ಹೊಸದಾಗಿ ಪದವಿ ಪಡೆದಿರಬೇಕು. ಇದು ಸಿಗದವರು ವಿಸಿಟ್ ವೀಸಾದಲ್ಲಿ ಬರುತ್ತಾರೆ. ಆಫರ್ ಸಿಕ್ಕಿದ ಮೇಲಿನ ದಾರಿ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ.

ಸರ್ಟಿಫಿಕೇಟ್ ಅಟೆಸ್ಟೇಶನ್ ಮಾತ್ರ ಊರಲ್ಲೇ ಮುಗಿಸಿಕೊಂಡು ಬನ್ನಿ. ಭಾರತ ಅಪೊಸ್ಟಿಲ್ ಒಪ್ಪಂದದಲ್ಲಿದೆ. ಸೌದಿ, ಒಮಾನ್, ಬಹರೈನ್ ಕೂಡ ಇವೆ, ಯುಎಇ ಇಲ್ಲ. ಹಾಗಾಗಿ ಸೌದಿಗೆ ಹೋದ ಗೆಳೆಯನಿಗೆ ನಡೆದದ್ದು ಇಲ್ಲಿ ನಡೆಯುವುದಿಲ್ಲ. ರಾಜ್ಯ ಮಟ್ಟದ ದೃಢೀಕರಣ, ಭಾರತದ ವಿದೇಶಾಂಗ ಸಚಿವಾಲಯ, ಅಲ್ಲಿರುವ ಯುಎಇ ದೂತಾವಾಸ, ಕೊನೆಗೆ ಇಲ್ಲಿನ ವಿದೇಶಾಂಗ ಸಚಿವಾಲಯ, ಹೀಗೆ ನಾಲ್ಕು ಕಡೆ ಮುದ್ರೆ ಬೀಳಬೇಕು. ಬಂದ ಮೇಲೆ ಮೂಲ ಪ್ರತಿಯನ್ನು ಊರಿಗೆ ಕಳಿಸಿ ತರಿಸುವಷ್ಟರಲ್ಲಿ ವೀಸಾ ದಿನಗಳು ಮುಗಿದುಹೋಗುತ್ತವೆ.

ಕೆಲಸ ಸಿಕ್ಕಿತು ಅಂತ ಆದ ಮೇಲೆ ಕಂಪೆನಿ ಸಚಿವಾಲಯದ ನಮೂನೆಯಲ್ಲೇ ಆಫರ್ ಲೆಟರ್ ಕೊಡಬೇಕು. ಕಂಪೆನಿಯ ಲೆಟರ್‌ಹೆಡ್‌ನಲ್ಲಿ ಬರೆದ ಕಾಗದ ಇದಕ್ಕೆ ಬದಲಿ ಅಲ್ಲ. ನೀವು ಸಹಿ ಮಾಡಿದ ಮೇಲೆ ವರ್ಕ್ ಪರ್ಮಿಟ್, ನಂತರ ಉದ್ಯೋಗದ ಎಂಟ್ರಿ ಪರ್ಮಿಟ್. ದೇಶ ಬಿಟ್ಟು ಹೋಗದೆ ಶುಲ್ಕ ಕಟ್ಟಿ ಇಲ್ಲೇ 'ಸ್ಟೇಟಸ್ ಚೇಂಜ್' ಮಾಡಿಸಬಹುದು. ಆಮೇಲೆ 60 ದಿನಗಳೊಳಗೆ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಎಮಿರೇಟ್ಸ್ ಐಡಿಗೆ ಬೆರಳಚ್ಚು, ರೆಸಿಡೆನ್ಸಿ ಎಲ್ಲವೂ ಮುಗಿಯಬೇಕು. ಪಾಸ್‌ಪೋರ್ಟ್‌ಗೆ ಸ್ಟಿಕ್ಕರ್ ಅಂಟಿಸುವುದು 2022ರಲ್ಲೇ ನಿಂತಿದೆ, ಈಗ ಐಡಿ ಕಾರ್ಡೇ ರೆಸಿಡೆನ್ಸಿಯ ಪುರಾವೆ. ಫ್ರೀ ಝೋನ್ ಕಂಪೆನಿಯಾದರೆ ಕಾಗದಪತ್ರ ಆಯಾ ಝೋನ್ ಪ್ರಾಧಿಕಾರದ ಮೂಲಕ ನಡೆಯುತ್ತದೆ.

"ಒಂದು ವಾರ ಟ್ರಯಲ್‌ಗೆ ಬನ್ನಿ, ಪರ್ಮಿಟ್ ಆಮೇಲೆ ನೋಡೋಣ" ಅಂದರೆ ಹೋಗಬೇಡಿ. ಜಾಬ್ ಸೀಕರ್ ವೀಸಾ ಕೆಲಸ ಹುಡುಕಲು ಮಾತ್ರ, ಮಾಡಲು ಅಲ್ಲ. ಪರ್ಮಿಟ್ ಇಲ್ಲದೆ ದುಡಿಸಿಕೊಂಡ ಮಾಲೀಕರಿಗೆ 2024ರ ತಿದ್ದುಪಡಿಯಂತೆ 1 ಲಕ್ಷದಿಂದ 10 ಲಕ್ಷ ದಿರ್ಹಂ ದಂಡವಿದೆ. ಆದರೆ ಪರ್ಮಿಟ್ ಇಲ್ಲದೆ ದುಡಿದವರೂ ಕಾನೂನಿನ ಕೈಯಿಂದ ತಪ್ಪಿಸಿಕೊಳ್ಳುವುದಿಲ್ಲ, ದುಡಿದ ವಾರದ ಸಂಬಳ ಕೇಳಲು ಕೈಯಲ್ಲಿ ಒಪ್ಪಂದವೂ ಇರುವುದಿಲ್ಲ. ವೀಸಾ ದಿನ ಮೀರಿದರೆ ದಿನಕ್ಕೆ 50 ದಿರ್ಹಂ ದಂಡ ಬೇರೆ.

ವೀಸಾ ಖರ್ಚು ಯಾರದ್ದು? ಮಾಲೀಕರದ್ದು. 2021ರ ಕಾರ್ಮಿಕ ಕಾನೂನಿನ 6ನೇ ವಿಧಿಯಂತೆ ನೇಮಕಾತಿ ವೆಚ್ಚವನ್ನು ನೇರವಾಗಿಯೂ, ಸಂಬಳದಲ್ಲಿ ಕಡಿದು ಪರೋಕ್ಷವಾಗಿಯೂ ಕಾರ್ಮಿಕರಿಂದ ವಸೂಲು ಮಾಡುವಂತಿಲ್ಲ. ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತೆಯೂ ಇಲ್ಲ.

ಆಫರ್ ಲೆಟರ್‌ನಲ್ಲಿ ಒಟ್ಟು ಸಂಬಳಕ್ಕಿಂತ ಮೊದಲು ನೋಡಬೇಕಾದದ್ದು ಬೇಸಿಕ್. ಒಟ್ಟು 5,000 ದಿರ್ಹಂ ಎಂದು ಇಬ್ಬರಿಗೆ ಆಫರ್ ಬಂದಿದೆ ಅಂತಿಟ್ಟುಕೊಳ್ಳಿ. ಒಬ್ಬರ ಬೇಸಿಕ್ 3,000, ಇನ್ನೊಬ್ಬರದು 2,000, ಉಳಿದದ್ದು ಅಲೋವೆನ್ಸ್. ತಿಂಗಳ ಕೊನೆಗೆ ಕೈಗೆ ಬರುವುದು ಒಂದೇ. ಆದರೆ ಗ್ರಾಚ್ಯುಟಿ ಲೆಕ್ಕ ಬೇಸಿಕ್ ಮೇಲೆ: ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಮೊದಲನೆಯವರಿಗೆ ವರ್ಷಕ್ಕೆ 2,100, ಎರಡನೆಯವರಿಗೆ 1,400. ಐದು ವರ್ಷಕ್ಕೆ 3,500 ದಿರ್ಹಂ ವ್ಯತ್ಯಾಸ. ಕೆಲಸ ಹೋದಾಗ ಸಿಗುವ ಕಡ್ಡಾಯ ನಿರುದ್ಯೋಗ ವಿಮೆಯೂ ಬೇಸಿಕ್‌ನ ಶೇ. 60ರಂತೆ, ಗರಿಷ್ಠ ಮೂರು ತಿಂಗಳು. ಅದಕ್ಕೆ 12 ತಿಂಗಳ ಕಂತು ಕಟ್ಟಿರಬೇಕು. ಬೇಸಿಕ್ 16,000ದವರೆಗೆ ಇದ್ದವರಿಗೆ ಕಂತು ತಿಂಗಳಿಗೆ 5 ದಿರ್ಹಂ ಅಷ್ಟೇ, ವಿಮೆಗೆ ಸೇರದೇ ಇದ್ದರೆ 400 ದಿರ್ಹಂ ದಂಡ. ಸಹಿಗೆ ಮೊದಲು ಬೇಸಿಕ್ ಏರಿಸಿ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಸಹಿ ಆದ ಮೇಲೆ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಪ್ರೊಬೇಷನ್ ಆರು ತಿಂಗಳಿಗಿಂತ ಹೆಚ್ಚಿರುವಂತಿಲ್ಲ. ಈ ಅವಧಿಯಲ್ಲಿ ಮಾಲೀಕರು ತೆಗೆಯುವುದಾದರೆ 14 ದಿನ ಮೊದಲು ಲಿಖಿತವಾಗಿ ತಿಳಿಸಬೇಕು. ನೀವೇ ಇಲ್ಲಿನ ಇನ್ನೊಂದು ಕಂಪೆನಿಗೆ ಹೋಗುವುದಾದರೆ ಒಂದು ತಿಂಗಳ ನೋಟಿಸ್. ಹಳೆ ಕಂಪೆನಿಯ ನೇಮಕಾತಿ ಖರ್ಚನ್ನು ಹೊಸ ಕಂಪೆನಿ ಭರಿಸಬೇಕು.

ಮನೆಯವರನ್ನು ಕರೆಸಲು 4,000 ದಿರ್ಹಂ ಸಂಬಳ, ಇಲ್ಲವೇ 3,000 ಮತ್ತು ಕಂಪೆನಿ ಕೊಡುವ ವಸತಿ ಬೇಕು. ಸಂಬಳ 15,000 ಮುಟ್ಟಿದ ಪದವೀಧರ ವೃತ್ತಿಪರರು ಐದು ವರ್ಷದ ಗ್ರೀನ್ ವೀಸಾಕ್ಕೆ ಸ್ವತಃ ಅರ್ಜಿ ಹಾಕಬಹುದು.

ರೆಸಿಡೆನ್ಸಿ ಆದ ಮೇಲೆ ಊರಿನ ಬ್ಯಾಂಕಿಗೂ ತಿಳಿಸಿ. ಹಳೆಯ ಸೇವಿಂಗ್ಸ್ ಖಾತೆಯನ್ನು ಎನ್‌ಆರ್‌ಒ ಆಗಿ ಬದಲಿಸಬೇಕು; ಇಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆದರೆ ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ.