ರಾಮಾಚಾರಿಯ ಸಿಟ್ಟಿಗೆ ವಯಸ್ಸಾಗಿಲ್ಲ

ಹರೆಯದ ಪ್ರೇಮಕ್ಕೆ ಕನ್ನಡ ಚಿತ್ರರಂಗದಲ್ಲಿ ಹಾಡುಗಳ ಬರವಿಲ್ಲ. ಹರೆಯದ ಸಿಟ್ಟಿಗೆ? ತಡಕಾಡಿದರೆ ಮೊದಲು ನೆನಪಾಗುವುದು 'ನಾಗರಹಾವು' ಚಿತ್ರದ 'ಹಾವಿನ ದ್ವೇಷ'. ಚಿತ್ರ ತೆರೆ ಕಂಡದ್ದು 1972ರ ಡಿಸೆಂಬರ್‌ನಲ್ಲಿ. ಅರ್ಧ ಶತಮಾನ ಸಂದರೂ ಆರ್ಕೆಸ್ಟ್ರಾ ವೇದಿಕೆಯಲ್ಲಿ ಈ ಹಾಡು ಶುರುವಾದರೆ, ಚಿತ್ರವನ್ನೇ ನೋಡದ ಹುಡುಗರೂ ದನಿಗೂಡಿಸುತ್ತಾರೆ.

ಕಥೆ ನಡೆಯುವುದು ಚಿತ್ರದುರ್ಗದಲ್ಲಿ, ಕಾದಂಬರಿ ತ.ರಾ. ಸುಬ್ಬರಾಯರದು. ಆದರೆ ಮೈಸೂರಿಗೂ ಇದರಲ್ಲಿ ದೊಡ್ಡ ಪಾಲಿದೆ. ನಿರ್ದೇಶಕ ಪುಟ್ಟಣ್ಣ ಕಣಗಾಲ್ ಪಿರಿಯಾಪಟ್ಟಣ ತಾಲ್ಲೂಕಿನವರು. ಚಾಮಯ್ಯ ಮೇಷ್ಟ್ರಾದ ಕೆ.ಎಸ್. ಅಶ್ವತ್ಥ್ ಮೈಸೂರಿಗರು. ನಾಯಕನೂ ಮೈಸೂರಿನಲ್ಲೇ ಹುಟ್ಟಿದ ಸಂಪತ್ ಕುಮಾರ್. ಆಗಿನ್ನೂ 22 ವರ್ಷ. ವಿಷ್ಣುವರ್ಧನ್ ಎಂದು ಹೆಸರಿಟ್ಟವರು ಪುಟ್ಟಣ್ಣನವರೇ.

ಹಾವಿನ ಹಗೆಗೆ ಹನ್ನೆರಡು ವರ್ಷದ ಆಯುಸ್ಸು ಎಂಬುದು ನಮ್ಮಲ್ಲಿ ಹಳೆಯ ನಂಬಿಕೆ. ಕಾಲೇಜಿನಲ್ಲಿ ಅವಮಾನಗೊಂಡ ರಾಮಾಚಾರಿ ತನ್ನ ರೋಷವನ್ನು ನೂರು ವರ್ಷಕ್ಕೆ ಏರಿಸುತ್ತಾನೆ. ಇಪ್ಪತ್ತರ ಆಸುಪಾಸಿನಲ್ಲಿ ಎಲ್ಲರ ಲೆಕ್ಕವೂ ಹೀಗೇ ಅಲ್ಲವೇ? ಗೀತೆ ಬರೆದ ವಿಜಯನಾರಸಿಂಹ ಅವನಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಬುದ್ಧಿ ಹೇಳಲು ಚಿತ್ರದಲ್ಲಿ ಮೇಷ್ಟ್ರಿದ್ದಾರೆ. ಹಾಡು ಮಾತ್ರ ಪೂರ್ತಿ ಹುಡುಗನ ಪಕ್ಷ. ಅದು ಉಳಿದುಕೊಂಡಿರುವುದೂ ಅದರಿಂದಲೇ ಎಂದು ನನಗನ್ನಿಸುತ್ತದೆ.

ಸಂಗೀತ ನಿರ್ದೇಶಕ ವಿಜಯಭಾಸ್ಕರ್ ಮಾಡಿದ ಒಂದು ಆಯ್ಕೆಯನ್ನು ಗಮನಿಸಬೇಕು. ಇದೇ ನಾಯಕನ ಪ್ರೇಮಗೀತೆ 'ಬಾರೇ ಬಾರೇ'ಗೆ ದನಿಯಾದವರು ಪಿ.ಬಿ. ಶ್ರೀನಿವಾಸ್. ಆಗ ಅವರಿಗೆ 42 ವರ್ಷ. ರಾಜ್‌ಕುಮಾರ್ ಅವರ ದನಿಯೆಂದೇ ನಾಡಿಗೆಲ್ಲ ಪರಿಚಿತರು. ಸಿಟ್ಟಿನ ಹಾಡು ಹೋದದ್ದು 26 ವರ್ಷದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ. ಒಂದೇ ಪಾತ್ರಕ್ಕೆ ಎರಡು ಕಂಠ! ಪ್ರೇಮಕ್ಕೆ ಹಳೆಯ ತಲೆಮಾರಿನ ಇಂಪು ಒದಗಿದರೆ, ರೋಷಕ್ಕೆ ಹೊಸ ಗಂಟಲು ಸಿಕ್ಕಿತು. ಮುಂದೆ ವಿಷ್ಣುವರ್ಧನ್ ಅವರ ದನಿಯಾಗಿ ನೆಲೆಯಾದವರು ಎಸ್.ಪಿ.ಬಿ.

ಅದೇ 1972ರಲ್ಲಿ ಅಮೆರಿಕದಲ್ಲಿ ಆಲಿಸ್ ಕೂಪರ್ ತಂಡದ 'ಸ್ಕೂಲ್ಸ್ ಔಟ್' ಎಂಬ ರಾಕ್ ಗೀತೆ ಹೊರಬಂದು ಶಾಲೆಯ ಮೇಲೆ ಹುಡುಗರಿಗಿದ್ದ ಮುನಿಸಿಗೆ ಮಾತು ಕೊಟ್ಟಿತ್ತು. ಎರಡು ವರ್ಷ ಹಿಂದೆ ಆ ತಂಡ ಹಾಡಿದ್ದು, ಅತ್ತ ಹುಡುಗನೂ ಅಲ್ಲದ ಇತ್ತ ಗಂಡಸೂ ಆಗದ ಹದಿನೆಂಟರ ತಳಮಳವನ್ನು. ಅಲ್ಲಿನದನ್ನು ಕೇಳಿ ಇಲ್ಲಿ ಬರೆದರೆಂದಲ್ಲ. ಆ ವಯಸ್ಸಿನ ಸಂಕಟ ಎರಡೂ ಕಡೆ ಒಂದೇ. ಅಲ್ಲಿ ಅದಕ್ಕೆ ಗಿಟಾರ್ ಬೇಕಾಯಿತು, ಇಲ್ಲಿ ದುರ್ಗದ ಬಂಡೆ.

ಹಾಗೆಂದು ಈ ಸಿಟ್ಟು ಎಲ್ಲ ಮಣ್ಣಿನಲ್ಲೂ ಬೇರು ಬಿಡಲಿಲ್ಲ. ಪುಟ್ಟಣ್ಣನವರೇ ಇದನ್ನು 1974ರಲ್ಲಿ ಹಿಂದಿಯಲ್ಲಿ 'ಜಹ್ರೀಲಾ ಇನ್ಸಾನ್' ಎಂದು ತೆಗೆದರು. ನಾಯಕ ರಿಷಿ ಕಪೂರ್. ಚಿತ್ರ ಸೋತಿತು. ಅದರಿಂದ ಇಂದಿಗೂ ಜನ ಗುನುಗುವುದು ಕಿಶೋರ್ ಕುಮಾರ್ ಹಾಡಿದ 'ಓ ಹಂಸಿನಿ' ಎಂಬ ಪ್ರೇಮಗೀತೆಯನ್ನು.

ಕನ್ನಡದ ರಾಮಾಚಾರಿಗೆ ದೊಡ್ಡವನಾಗುವ ಅವಕಾಶವೇ ಸಿಗಲಿಲ್ಲ. ತನ್ನ ಕೈಯಿಂದಲೇ ಮೇಷ್ಟ್ರು ಸತ್ತ ಮೇಲೆ ಮಾರ್ಗರೆಟ್ ಜೊತೆ ಬೆಟ್ಟದಿಂದ ಹಾರುತ್ತಾನೆ. ಹೊಸ ತಾಂತ್ರಿಕತೆಯೊಂದಿಗೆ 2018ರಲ್ಲಿ ಚಿತ್ರ ಮತ್ತೆ ತೆರೆಗೆ ಬಂದಾಗಲೂ ಅಂತ್ಯ ಅದೇ. ಅದಕ್ಕೂ ಮುನ್ನ, 2014ರಲ್ಲಿ, ಮೈಸೂರಿನಲ್ಲೇ ಬೆಳೆದ ಯಶ್ 'ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ'ಯಲ್ಲಿ ಇದೇ ಪಾತ್ರದ ಅಭಿಮಾನಿಯಾಗಿ ಕಾಣಿಸಿಕೊಂಡರು. ಸಿಟ್ಟು ಹಳೆಯ ರಾಮಾಚಾರಿಯದೇ. ಆದರೆ ಈತನಿಗೆ ಪ್ರೀತಿಸಿದ ಹುಡುಗಿಯೂ ದಕ್ಕಿದಳು.