ಎಫ್‌ಐಆರ್ ಎಂಬ ಹಾಳೆಯ ಹಿಂದಿನ ಕಥೆ

ಊರಲ್ಲಿ ಕಳವಾದರೆ, ಹೊಡೆದಾಟವಾದರೆ ಠಾಣೆ ಮೆಟ್ಟಿಲು ಹತ್ತಿದವರು ಹೇಳುವ ಮಾತು ಎರಡು. ಒಂದು, "ಬರೆದುಕೊಳ್ಳಲೇ ಇಲ್ಲ, ಊರಲ್ಲೇ ರಾಜಿ ಮಾಡಿಕೊಳ್ಳಿ ಅಂದರು." ಇನ್ನೊಂದು, "ಬರೆದುಕೊಂಡರು, ಆದರೆ ನಾವು ಹೇಳಿದ ಹಾಗೆ ಬರೆಯಲಿಲ್ಲ." ಈ ಎರಡೂ ದೂರು ಇವತ್ತಿನವಲ್ಲ. ಇವುಗಳ ಬೇರು ಹುಡುಕಿದರೆ 1855ಕ್ಕೆ ಹೋಗಬೇಕಾಗುತ್ತದೆ.

ಆಗಿನ ಮದ್ರಾಸ್ ಪ್ರಾಂತ್ಯದಲ್ಲಿ ಕಂದಾಯ ವಸೂಲಿ ಮಾಡುವವನೂ ತಹಸೀಲ್ದಾರ, ಕಳ್ಳರನ್ನು ಹಿಡಿಯುವವನೂ ಅವನೇ. ನಮ್ಮ ಬಳ್ಳಾರಿ, ದಕ್ಷಿಣ ಕನ್ನಡ, ಕೊಳ್ಳೇಗಾಲ ಎಲ್ಲ ಅಂದು ಆ ಪ್ರಾಂತ್ಯಕ್ಕೇ ಸೇರಿದ್ದವು. ಕಂದಾಯ ಕಟ್ಟಲಾರದ ರೈತನಿಗೂ ಕಳ್ಳತನದ ಗುಮಾನಿ ಬಿದ್ದವನಿಗೂ ಒಂದೇ ಮದ್ದು. ಬೆರಳುಗಳನ್ನು ಎರಡು ಮರದ ಪಟ್ಟಿಗಳ ನಡುವೆ ಇಟ್ಟು ಅಮುಕುವುದು, ಇದಕ್ಕೆ ಕಿಟ್ಟಿ ಎಂದು ಹೆಸರು. ಇಲ್ಲವೇ ತಲೆ ಬಗ್ಗಿಸಿ ಕಾಲಿಗೆ ಸೇರಿಸಿ ಹಗ್ಗದಲ್ಲಿ ಕಟ್ಟಿ ಬಿಸಿಲಲ್ಲಿ ನಿಲ್ಲಿಸುವುದು. ಈ ಸುದ್ದಿ ಇಂಗ್ಲೆಂಡಿನ ಸಂಸತ್ತಿನವರೆಗೂ ಹೋಗಿ, ಸರ್ಕಾರ ಒಂದು ಚಿತ್ರಹಿಂಸೆ ಆಯೋಗವನ್ನೇ ನೇಮಿಸಿತು. 1855ರಲ್ಲಿ ಅದರ ವರದಿ ಬಂತು. ಹಿಂಸೆ ನಡೆಯುತ್ತಿರುವುದು ನಿಜ ಎಂದು ಆಯೋಗ ಒಪ್ಪಿತು. ತಪ್ಪನ್ನು ಮಾತ್ರ ಕೆಳಗಿನ ದೇಸಿ ನೌಕರರ ತಲೆಗೆ ಕಟ್ಟಿ, ಮೇಲಿನ ದೊರೆಗಳನ್ನು ಹೊರಗಿಟ್ಟಿತು. ಕಂದಾಯ ಬೊಕ್ಕಸಕ್ಕೆ ಬಂದು ಬೀಳುವಾಗ ಅದು ಹೇಗೆ ಬಂತು ಅಂತ ದೊರೆಗಳು ಕೇಳಲೇ ಇಲ್ಲ ಅಂದರೆ ನಂಬುವುದು ನಮಗಂತೂ ಕಷ್ಟ.

ವರದಿಯ ನಂತರ ಪೊಲೀಸ್ ಕೆಲಸವನ್ನು ಕಂದಾಯದಿಂದ ಬೇರೆ ಮಾಡುವ ಮಾತು ಬಲವಾಯಿತು. ಮದ್ರಾಸಿನಲ್ಲಿ 1859ರಲ್ಲೇ ಕಾಯ್ದೆ ಬಂತು. ಅಷ್ಟರಲ್ಲಿ 1857ರ ದಂಗೆ ಆಗಿಹೋಗಿತ್ತು. 1860ರಲ್ಲಿ ಪೊಲೀಸ್ ಆಯೋಗ, 1861ರಲ್ಲಿ ಪೊಲೀಸ್ ಕಾಯ್ದೆ.

ಬ್ರಿಟಿಷರ ಮುಂದೆ ಆಗ ಎರಡು ಮಾದರಿ ಇದ್ದವು. ಒಂದು, 1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿನಲ್ಲಿ ಶುರು ಮಾಡಿದ ಪೊಲೀಸ್. ಕೈಯಲ್ಲಿ ಬಂದೂಕಿಲ್ಲ, ಬೀಟ್ ತಿರುಗುವುದು, ಜನರ ನಡುವೆ ಓಡಾಡಿಕೊಂಡಿರುವುದು. ಇನ್ನೊಂದು ಐರ್ಲೆಂಡಿನದು. ಅಲ್ಲಿ ಬ್ರಿಟಿಷರು ಆಳುವವರು, ಐರಿಷ್ ಜನ ಆಳಿಸಿಕೊಳ್ಳುವವರು. ಬಂದೂಕು ಹಿಡಿದ, ಬ್ಯಾರಕ್‌ನಲ್ಲಿ ಇರುವ, ಸರ್ಕಾರಕ್ಕೆ ಮಾತ್ರ ಉತ್ತರ ಕೊಡುವ ಪೊಲೀಸ್ ಅದು. 1843ರಲ್ಲಿ ಸಿಂಧ್ ಗೆದ್ದ ಚಾರ್ಲ್ಸ್ ನೇಪಿಯರ್ ಅಲ್ಲಿ ಈ ಐರಿಷ್ ಮಾದರಿಯನ್ನೇ ತಂದಿದ್ದ. ದಂಗೆ ಕಂಡ ಸರ್ಕಾರಕ್ಕೂ ಅದೇ ಹಿಡಿಸಿತು. ನಮ್ಮ ಊರುಗಳಲ್ಲಿ ಪೊಲೀಸ್ ಜೀಪು ಬಂದರೆ ತಪ್ಪು ಮಾಡದವರೂ ಒಳಗೆ ಸರಿಯುವುದು ಯಾಕೆ ಅಂತ ಕೇಳಿದರೆ, ಅರ್ಧ ಉತ್ತರ ಇಲ್ಲಿದೆ.

ಇನ್ನರ್ಧ ಉತ್ತರ ಬರವಣಿಗೆಯಲ್ಲಿದೆ.

1861ರ ಕಾಯ್ದೆಯ 44ನೇ ಕಲಂ ಪ್ರತಿ ಠಾಣಾಧಿಕಾರಿಯೂ ಒಂದು ದಿನಚರಿ ಇಡಬೇಕು ಎಂದಿತು. ಬಂದ ದೂರುಗಳು, ಹಿಡಿದವರ ಹೆಸರು, ದೂರು ಕೊಟ್ಟವರ ಹೆಸರು, ವಶಕ್ಕೆ ತೆಗೆದುಕೊಂಡ ಆಯುಧ, ಮಾಲು, ವಿಚಾರಿಸಿದ ಸಾಕ್ಷಿಗಳು, ಎಲ್ಲ ಅದರಲ್ಲಿ ಇರಬೇಕು. ಅದೇ ವರ್ಷದ ದಂಡ ಪ್ರಕ್ರಿಯಾ ಸಂಹಿತೆ, ಠಾಣೆಗೆ ಬಂದ ದೂರನ್ನು ಬರಹಕ್ಕಿಳಿಸಿ, ಅದರ ಸಾರಾಂಶವನ್ನು ದಿನಚರಿಯಲ್ಲಿ ದಾಖಲಿಸಬೇಕು ಎಂದು 139ನೇ ಕಲಮಿನಲ್ಲಿ ಹೇಳಿತು. ಇವತ್ತಿನ ಎಫ್‌ಐಆರ್‌ನ, ಅಂದರೆ ಪ್ರಥಮ ವರ್ತಮಾನ ವರದಿಯ ಮುತ್ತಜ್ಜ ಇದು. "ಪಿರ್ಯಾದುದಾರರು ಠಾಣೆಗೆ ಹಾಜರಾಗಿ ನೀಡಿದ ದೂರಿನ ಸಾರಾಂಶವೇನೆಂದರೆ" ಎಂದು ಇವತ್ತಿಗೂ ಓದುತ್ತೀರಲ್ಲ, ಆ ಸಾರಾಂಶ ಎಂಬ ಮಾತು ಕಾಯ್ದೆಯಲ್ಲೇ ಇದೆ. ಅಳುತ್ತಾ ಹೇಳಿದ ಹತ್ತು ಮಾತು ಒಂದು ಸಾಲಾಗುವುದು ಅಲ್ಲಿಂದ ಶುರು.

ಇಲ್ಲೊಂದು ವಿಚಿತ್ರ ನೋಡಿ. ಎಲ್ಲವನ್ನೂ ಬರೆ ಅಂತ ಪೊಲೀಸಿಗೆ ಹೇಳಿದ ಅದೇ ಸಂಹಿತೆ, ಪೊಲೀಸಿನ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಒಪ್ಪಬೇಡಿ ಅಂತಲೂ ಹೇಳಿತು. ಕಿಟ್ಟಿಯ ನೆನಪು ಇನ್ನೂ ಹಸಿಯಾಗಿತ್ತು. 1872ರ ಸಾಕ್ಷ್ಯ ಕಾಯ್ದೆಯಲ್ಲೂ ಅದೇ ನಿಯಮ ಬಂತು, 2023ರ ಹೊಸ ಕಾಯ್ದೆಯಲ್ಲೂ ಉಳಿದಿದೆ. ಸಾಕ್ಷಿ ಪೊಲೀಸಿಗೆ ಕೊಟ್ಟ ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ ಎಂಬುದೂ ಇದೇ ಅನುಮಾನದ ಕೂಸು. ದೂರುದಾರರ ಮಾತು ಹಾಗಲ್ಲ. ಅದನ್ನು ಓದಿ ಹೇಳಿ ಸಹಿ ಹಾಕಿಸಿಕೊಳ್ಳಬೇಕು. ಹಾಗಾಗಿ ಠಾಣೆಯ ರಾಶಿ ಕಾಗದದಲ್ಲಿ ನಿಮ್ಮ ದನಿಗೆ ಸಹಿ ಬೀಳುವ ಹಾಳೆ ಅಂದರೆ ಬಹುಮಟ್ಟಿಗೆ ಆ ಮೊದಲ ಹಾಳೆಯೇ.

ಅದನ್ನೇ ಬರೆದುಕೊಳ್ಳದಿದ್ದರೆ?

ಅದಕ್ಕೂ ಒಂದು ಲೆಕ್ಕವಿದೆ. ಎಫ್‌ಐಆರ್ ಎಷ್ಟು ಎಂದು ಎಣಿಸಿಯೇ ಅಪರಾಧ ಹೆಚ್ಚಿತೋ ಇಳಿಯಿತೋ ಎಂದು ಹೇಳುವುದು. ದೇಶದ ಅಪರಾಧಗಳ ವಾರ್ಷಿಕ ವರದಿ 1953ರಿಂದ ಬರುತ್ತಿದೆ. 1986ರಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಬಂತು. ಈ ಅಂಕಿ ಹಿಡಿದು ಠಾಣೆಯನ್ನು ಅಳೆದರೆ, ದೂರು ಬರೆದುಕೊಂಡ ಅಧಿಕಾರಿಗೆ ಕೆಟ್ಟ ಹೆಸರು, ವಾಪಸ್ ಕಳಿಸಿದವನಿಗೆ ಒಳ್ಳೆಯ ಹೆಸರು. ಕಡಿಮೆ ಅಂಕಿ ಇರುವ ತಾಲ್ಲೂಕು ಶಾಂತವಾಗಿದೆ ಅಂತಲೇ ಅರ್ಥವಲ್ಲ, ಅಲ್ಲಿ ಬಾಗಿಲು ಮುಚ್ಚಿರಲೂಬಹುದು. ಅಂಕಿ ನೋಡಿ ಸುದ್ದಿ ಬರೆಯುವಾಗ ನಾವೂ ಇದನ್ನು ಗಮನದಲ್ಲಿಡುತ್ತೇವೆ.

ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2013ರ ನವೆಂಬರ್ 12ರಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಈ ಬಾಗಿಲನ್ನು ತೆರೆಸಿತು. ಕೊಟ್ಟ ಮಾಹಿತಿಯಲ್ಲಿ ಸಂಜ್ಞೇಯ ಅಪರಾಧ ಕಂಡರೆ, ಅಂದರೆ ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧವಾದರೆ, ಎಫ್‌ಐಆರ್ ಮಾಡಲೇಬೇಕು. ಕೌಟುಂಬಿಕ, ವ್ಯಾಪಾರದ ಜಗಳದಂಥ ಕೆಲವು ಬಗೆಯಲ್ಲಿ ಮಾತ್ರ ಮೊದಲು ಒಂದು ಸಣ್ಣ ವಿಚಾರಣೆಗೆ ಅವಕಾಶ.

2024ರ ಜುಲೈ 1ರಿಂದ ಹಳೆಯ 154ನೇ ಕಲಮಿನ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಬಂದಿದೆ. ಘಟನೆ ಯಾವ ಠಾಣೆಯ ಸರಹದ್ದಿನಲ್ಲೇ ನಡೆದಿರಲಿ, ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಎಲೆಕ್ಟ್ರಾನಿಕ್ ರೂಪದಲ್ಲಿ ಕಳಿಸಿದರೆ ಮೂರು ದಿನದೊಳಗೆ ಸಹಿ ಹಾಕಬೇಕು. ಇನ್ನೊಂದು ಕಡೆ, ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದ ಪ್ರಾಥಮಿಕ ವಿಚಾರಣೆ ಮಾಡಲು ಅದೇ ಕಲಂ ಅವಕಾಶ ಕೊಟ್ಟಿದೆ. ತೆರೆದ ಬಾಗಿಲನ್ನು ಇದು ಅರ್ಧ ಮುಚ್ಚಿದ ಹಾಗೆ ಅನ್ನುವುದು ನಮ್ಮ ಅನಿಸಿಕೆ.

ಬರೆದುಕೊಳ್ಳದಿದ್ದರೆ ದೂರಿನ ಸಾರಾಂಶವನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಅರ್ಜಿ. ಬರೆದುಕೊಂಡರೆ ಸಹಿ ಹಾಕುವ ಮುಂಚೆ ಅದನ್ನು ನಿಮಗೆ ಓದಿ ಹೇಳಬೇಕು, ಪ್ರತಿಯನ್ನು ತಕ್ಷಣ, ಪುಕ್ಕಟೆಯಾಗಿ ಕೊಡಬೇಕು. ಜೆರಾಕ್ಸ್ ದುಡ್ಡು ಕೂಡ ಕೇಳುವಂತಿಲ್ಲ.