ಬಾಗಿಲು ತೆರೆದೇ ಇತ್ತು, ಕರೆಯುವವರು ಇರಲಿಲ್ಲ

ನೀವು ಇದನ್ನು ಆಂಡ್ರಾಯ್ಡ್ ಫೋನಿನಲ್ಲಿ ಓದುತ್ತಿದ್ದರೆ, ಆ ಫೋನಿನ ಒಳಗೆ ಲಿನಕ್ಸ್ ಎಂಬ ತಂತ್ರಾಂಶ ಕೆಲಸ ಮಾಡುತ್ತಿದೆ. ಅದನ್ನು ಬರೆದದ್ದು ಯಾವುದೋ ಒಂದು ಕಂಪನಿಯಲ್ಲ. ಬೇರೆ ಬೇರೆ ದೇಶಗಳ ಸಾವಿರಾರು ಜನ, ಒಬ್ಬರ ಮುಖ ಒಬ್ಬರು ನೋಡದೆ, ಇಂಟರ್‌ನೆಟ್ಟಿನಲ್ಲೇ ಕೂಡಿ ಬರೆದರು. ಅದರ ಒಂದೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದು, ತಪ್ಪಿದ್ದರೆ ತಿದ್ದಬಹುದು, ತಿದ್ದಿದ್ದನ್ನು ವಾಪಸ್ ಕಳಿಸಬಹುದು. ಇದಕ್ಕೆ ಓಪನ್ ಸೋರ್ಸ್ ಅನ್ನುತ್ತಾರೆ. ನಮ್ಮ ಕಡೆ ನಾಟಿಗೂ ಕಳೆಗೂ ಮುಯ್ಯಾಳು ಹೋಗುವುದಿಲ್ಲವೇ, ಹೆಚ್ಚುಕಡಿಮೆ ಅದೇ ಲೆಕ್ಕ. ಇವತ್ತು ಅವರಲ್ಲಿ ಬಹಳ ಮಂದಿಗೆ ಕಂಪನಿಗಳೇ ಸಂಬಳ ಕೊಡುತ್ತವೆ, ಆದರೂ ಪದ್ಧತಿ ಹಾಗೇ ಉಳಿದಿದೆ.

ಒಂದು ವ್ಯತ್ಯಾಸ ಉಂಟು. ಮುಯ್ಯಾಳಿನಲ್ಲಿ ಮೊದಲ ಸಲ ಗದ್ದೆಗೆ ಇಳಿದ ಹುಡುಗಿಯನ್ನು ಇಬ್ಬರು ಅನುಭವಸ್ಥರ ನಡುವೆ ನಿಲ್ಲಿಸುತ್ತಾರೆ. ಪಕ್ಕದವಳ ಕೈ ನೋಡಿ ಅವಳು ಕಲಿಯುತ್ತಾಳೆ. ಓಪನ್ ಸೋರ್ಸ್‌ನವರಿಗೆ ಈ ಪಕ್ಕದಲ್ಲಿ ನಿಲ್ಲಿಸುವ ಕೆಲಸ ಕಲಿಯಲು ಹದಿನೈದು ವರ್ಷದ ಮೇಲೆ ಹಿಡಿಯಿತು. ಆ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇವೆ.

1991ರ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಒಂದು ಸಣ್ಣ ಸಂದೇಶ ಹಾಕಿದ. ವಯಸ್ಸು 21. ಹವ್ಯಾಸಕ್ಕೆ ಒಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೇನೆ, ದೊಡ್ಡದೇನಲ್ಲ, ಅದರಲ್ಲಿ ಏನಿದ್ದರೆ ಚೆನ್ನ ಹೇಳಿ ಎಂಬುದು ಅದರ ಸಾರ. ಹೊಸಬನೊಬ್ಬ ಹಳಬರ ಮುಂದೆ ಆಡಿದ ಮಾತು ಅದು. ಜನ ಸೇರಿದರು, ಲಿನಕ್ಸ್ ಬೆಳೆಯಿತು.

ಆ ಸಂದೇಶ ಬಂದದ್ದು ಯೂಸ್‌ನೆಟ್ ಎಂಬ ಹಳೆಯ ಹರಟೆಕಟ್ಟೆಯಲ್ಲಿ. ಅಲ್ಲಿದ್ದವರು ಬಹುಪಾಲು ವಿಶ್ವವಿದ್ಯಾಲಯದವರು. ಪ್ರತಿ ಸೆಪ್ಟೆಂಬರಿನಲ್ಲಿ ಅಮೆರಿಕದ ಕಾಲೇಜುಗಳಿಗೆ ಹೊಸ ವಿದ್ಯಾರ್ಥಿಗಳು ಬರುತ್ತಿದ್ದರು, ಕಟ್ಟೆಯಲ್ಲಿ ಒಂದಷ್ಟು ಗಲಾಟೆ ಆಗುತ್ತಿತ್ತು, ಹಳಬರು ರೀತಿ ರಿವಾಜು ಹೇಳಿಕೊಡುತ್ತಿದ್ದರು, ಒಂದು ತಿಂಗಳಲ್ಲಿ ಎಲ್ಲ ತಣ್ಣಗಾಗುತ್ತಿತ್ತು. 1993-94ರ ಹೊತ್ತಿಗೆ ಎಓಎಲ್‌ನಂಥ ಕಂಪನಿಗಳು ಮನೆಮನೆಗೆ ಇಂಟರ್‌ನೆಟ್ ಕೊಟ್ಟವು. ಹೊಸಬರ ಹರಿವು ನಿಲ್ಲಲೇ ಇಲ್ಲ. ಹಳಬರು ಇದಕ್ಕೆ 'ಮುಗಿಯದ ಸೆಪ್ಟೆಂಬರ್' ಎಂದು ಹೆಸರಿಟ್ಟು ಗೊಣಗಿದರು. ಕಂಪ್ಯೂಟರ್ ಬಲ್ಲವರಲ್ಲಿ ಒರಟು ಉತ್ತರದ ಚಾಳಿ ಅದಕ್ಕೂ ಮೊದಲೇ ಇತ್ತು, ಈಗ ಇನ್ನಷ್ಟು ಗಟ್ಟಿಯಾಯಿತು. ಪ್ರಶ್ನೆ ಕೇಳಿದವರಿಗೆ 'ಮೊದಲು ಆ ಪುಸ್ತಕ ಓದಿಕೊಂಡು ಬಾ' ಅನ್ನುವುದು, ಅದೂ ನಡುವೆ ಒಂದು ಬೈಗುಳ ಸೇರಿಸಿ. ಬೈಗುಳ ತಡೆದುಕೊಂಡವನೇ ಜಾಣ, ಅವನೇ ನಮ್ಮವನು ಎಂಬ ನಂಬಿಕೆ ಬೆಳೆಯಿತು. ನಮ್ಮ ಪ್ರಕಾರ ಇದು ಜಾಣತನದ ಪರೀಕ್ಷೆಯೇ ಆಗಿರಲಿಲ್ಲ. ದಪ್ಪ ಚರ್ಮದ ಪರೀಕ್ಷೆ ಅಷ್ಟೇ.

ಇದರಿಂದ ಯಾರು ಹೊರಗೆ ಉಳಿದರು ಎಂಬುದು 2006ರಲ್ಲಿ ಅಂಕಿಯಲ್ಲೇ ಕಾಣಿಸಿತು. ಗೂಗಲ್ ಅದರ ಹಿಂದಿನ ವರ್ಷ 'ಸಮ್ಮರ್ ಆಫ್ ಕೋಡ್' ಶುರು ಮಾಡಿತ್ತು. ವಿದ್ಯಾರ್ಥಿಗಳು ರಜೆಯಲ್ಲಿ ಯಾವುದಾದರೂ ಓಪನ್ ಸೋರ್ಸ್ ಯೋಜನೆಗೆ ಕೆಲಸ ಮಾಡಿದರೆ ಹಣ ಸಿಗುತ್ತಿತ್ತು. ಗ್ನೋಮ್ ಅಂಥದೊಂದು ಯೋಜನೆ. ಲಿನಕ್ಸ್ ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣುವ ಪರದೆ, ಮೆನು, ಕಿಟಕಿಗಳನ್ನು ಮಾಡುವವರು ಅವರು. ಆ ವರ್ಷ ಅವರಿಗೆ 181 ಅರ್ಜಿ ಬಂದವು. ಒಂದೂ ಹೆಣ್ಣುಮಕ್ಕಳದ್ದಲ್ಲ.

'ಹೆಣ್ಣುಮಕ್ಕಳಿಗೆ ಇದರಲ್ಲಿ ಆಸಕ್ತಿ ಇಲ್ಲ' ಎಂದು ಕೈ ತೊಳೆದುಕೊಳ್ಳುವುದು ಸುಲಭವಿತ್ತು. ಹಾಗೆ ಹೇಳಿದವರೂ ಇದ್ದಿರಬೇಕು, ಎಲ್ಲ ಕಡೆ ಇರುತ್ತಾರೆ. ಹಾನಾ ವಾಲಕ್ ಮತ್ತು ಕ್ರಿಸ್ ಬಾಲ್ ಬೇರೆ ದಾರಿ ಹಿಡಿದರು. ವಾಲಕ್ 2004ರಲ್ಲೇ ಡೆಬಿಯನ್ ಎಂಬ ಇನ್ನೊಂದು ಯೋಜನೆಯಲ್ಲಿ ಮಹಿಳೆಯರ ಗುಂಪು ಕಟ್ಟುವಾಗ ಮುಂದೆ ನಿಂತಿದ್ದವರು. ಅದೇ ಬೇಸಿಗೆಗೆ ಮಹಿಳೆಯರಿಗೆಂದೇ ಒಂದು ಕಾರ್ಯಕ್ರಮ ಮಾಡಿ, 'ನಿಮ್ಮನ್ನೇ ಕರೆಯುತ್ತಿದ್ದೇವೆ, ಬನ್ನಿ' ಎಂದು ಸಾರಿದರು. ನೂರಕ್ಕೂ ಹೆಚ್ಚು ಅರ್ಜಿ ಬಂದವು. ಆರು ಜನರನ್ನು ಆರಿಸಿದರು.

ಈ ಎರಡು ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಿ. ಸೊನ್ನೆ, ಆಮೇಲೆ ನೂರು. ಅದೇ ವರ್ಷ, ಅದೇ ಯೋಜನೆ, ಅದೇ ಥರದ ಕೆಲಸ. ನಡುವೆ ಯಾರೂ ಆ ಹೆಣ್ಣುಮಕ್ಕಳಿಗೆ ಹೊಸದಾಗಿ ಕಂಪ್ಯೂಟರ್ ಕಲಿಸಲಿಲ್ಲ. ಕಲಿತವರು ಮೊದಲೇ ಇದ್ದರು. ಅವರಿಗೆ 'ಯಾರು ಬೇಕಾದರೂ' ಅನ್ನುವ ಮಾತಿನೊಳಗೆ ತಾವೂ ಇದ್ದೇವೆ ಅನ್ನಿಸಿರಲಿಲ್ಲ. ಗ್ರಾಮಸಭೆಗೆ ಎಲ್ಲರೂ ಬರಬಹುದು ಎಂದು ಡಂಗುರ ಹೊಡೆಸಿದರೂ ಕೆಲವು ಕೇರಿಯವರು ಯಾಕೆ ಬರುವುದಿಲ್ಲ ಎಂದು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾರ್ಯಕ್ರಮ ಒಂದೇ ವರ್ಷಕ್ಕೆ ನಿಂತಿತು. 2010ರಲ್ಲಿ ಗ್ನೋಮ್‌ನವರು ಅದನ್ನು ಮತ್ತೆ ಎತ್ತಿಕೊಂಡರು. ಈ ಸಲ ಮುಖ್ಯ ಬದಲಾವಣೆ ಎಂದರೆ ಮೆಂಟರ್‌ಗಳು. ಅರ್ಜಿ ಹಾಕುವ ಹಂತದಲ್ಲೇ ಪ್ರಶ್ನೆಗೆ ಉತ್ತರ ಕೊಡುವ ಹಳಬರೊಬ್ಬರು ಸಿಗಬೇಕು, ಮೊದಲ ಸಣ್ಣ ತಿದ್ದುಪಡಿಯನ್ನು ಅವರ ಜೊತೆಯಲ್ಲೇ ಮಾಡಬೇಕು. ಗದ್ದೆಯಲ್ಲಿ ಪಕ್ಕಕ್ಕೆ ನಿಲ್ಲಿಸಿಕೊಳ್ಳುವುದು ಇದೇ.

2013ರಲ್ಲಿ ಲಿನಕ್ಸ್ ಕೂಡ ಇದಕ್ಕೆ ಸೇರಿತು. ಸೇರಿಸಿದವರು ಸೇಜ್ ಶಾರ್ಪ್. ಟೋರ್ವಾಲ್ಡ್ಸ್ ಸಹೋದ್ಯೋಗಿಗಳನ್ನು ಎಲ್ಲರ ಎದುರು ಕೆಟ್ಟದಾಗಿ ಬೈಯುವುದಕ್ಕೆ ಆಗ ಹೆಸರಾಗಿದ್ದರು. ಅದೇ ವರ್ಷ ಶಾರ್ಪ್ ಬಹಿರಂಗವಾಗಿ ಇದು ನಿಲ್ಲಬೇಕು ಎಂದರು. ಟೋರ್ವಾಲ್ಡ್ಸ್ ಒಪ್ಪಲಿಲ್ಲ, ಬಯ್ದರೇ ಕೆಲಸ ನೆಟ್ಟಗಾಗುವುದು ಎಂಬಂತೆ ವಾದಿಸಿದರು. 2015ರಲ್ಲಿ ಶಾರ್ಪ್ ಲಿನಕ್ಸ್ ಕೆಲಸ ಬಿಟ್ಟಿದ್ದನ್ನು ಹೇಳಿಕೊಂಡರು. ಮೂರು ವರ್ಷ ಕಳೆದ ಮೇಲೆ, 2018ರ ಸೆಪ್ಟೆಂಬರ್ 16ರಂದು, ಟೋರ್ವಾಲ್ಡ್ಸ್ ತಾವೇ ಕ್ಷಮೆ ಕೇಳಿ ಕೆಲ ವಾರ ರಜೆ ಹಾಕಿದರು. ಅದೇ ಹೊತ್ತಿಗೆ ಲಿನಕ್ಸ್‌ಗೆ ಒಂದು ನಡವಳಿಕೆ ನಿಯಮಾವಳಿಯೂ ಬಂತು. ಅಷ್ಟರಲ್ಲಿ ಬಯ್ಗುಳ ಕೇಳಿ ಸದ್ದಿಲ್ಲದೆ ಹಿಂದೆ ಸರಿದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ನಮ್ಮ ಕಡೆಗೂ ಈ ಕಥೆಯ ಒಂದು ಎಳೆ ಬರುತ್ತದೆ. 2004ರಲ್ಲಿ ಶುರುವಾದ ಉಬುಂಟು ಮೊದಲಿನಿಂದಲೇ ನಡವಳಿಕೆ ನಿಯಮ ಇಟ್ಟುಕೊಂಡಿತ್ತು, ಕೇಳಿದವರಿಗೆ 2011ರವರೆಗೆ ಪುಕ್ಕಟೆಯಾಗಿ ಸಿ.ಡಿ. ಅಂಚೆಯಲ್ಲಿ ಕಳಿಸುತ್ತಿತ್ತು. ನೆಟ್ ಇಲ್ಲದ ಊರಿನ ಹುಡುಗರಿಗೂ ಆ ಲಕೋಟೆ ಮುಟ್ಟುತ್ತಿತ್ತು. ಬೆಂಗಳೂರಿನಲ್ಲಿ 2001ರಿಂದ ಲಿನಕ್ಸ್ ಸಮಾವೇಶ ನಡೆಯಿತು. 2005ರಲ್ಲಿ 'ಫಾಸ್ ಡಾಟ್ ಇನ್' ಎಂದು ಹೆಸರು ಬದಲಿಸಿಕೊಂಡು 2012ರವರೆಗೆ ಇತ್ತು. ಇಲ್ಲಿ ಬಳಸುವವರು ಬಹಳ, ಬರೆದು ಕೊಡುವವರು ಕಡಿಮೆ ಎಂಬ ಕೊರಗು ಅದನ್ನು ನಡೆಸಿದವರಿಗಿತ್ತು. ಅದಕ್ಕೇ ಬರಬರುತ್ತಾ ಭಾಷಣ ಕಡಿಮೆ ಮಾಡಿ, ಒಟ್ಟಿಗೆ ಕೂತು ಕೆಲಸ ಮಾಡುವುದಕ್ಕೆ ಜಾಗ ಕೊಟ್ಟರು.

ಆಮೇಲೆ ನಮ್ಮವರು ಬಂದರು. ಎಷ್ಟು ಬಂದರು ಎಂದರೆ 2020ರ ಅಕ್ಟೋಬರಿನಲ್ಲಿ ಅದೇ ಸುದ್ದಿಯಾಯಿತು. ಡಿಜಿಟಲ್ ಓಷನ್ ಎಂಬ ಕಂಪನಿ ಪ್ರತಿ ಅಕ್ಟೋಬರಿನಲ್ಲಿ 'ಹ್ಯಾಕ್ಟೋಬರ್‌ಫೆಸ್ಟ್' ನಡೆಸುತ್ತದೆ. ನಾಲ್ಕು ತಿದ್ದುಪಡಿ ಕಳಿಸಿದರೆ ಆಗ ಒಂದು ಟೀ ಶರ್ಟ್ ಸಿಗುತ್ತಿತ್ತು. ಭಾರತದ ಒಂದು ಯೂಟ್ಯೂಬ್ ಪಾಠದಲ್ಲಿ ಉದಾಹರಣೆಗೆ ತೋರಿಸಿದ ತಿದ್ದುಪಡಿಯನ್ನೇ ವಿದ್ಯಾರ್ಥಿಗಳು ಹಾಗ್ಹಾಗೇ ನಕಲು ಮಾಡಿ, ಕಂಡಕಂಡ ಯೋಜನೆಗೆಲ್ಲ ಕಳಿಸಿದರು. ಚೆನ್ನಾಗಿರುವ ಬರಹದ ತಲೆಗೆ 'ಅದ್ಭುತ ಪ್ರಾಜೆಕ್ಟ್' ಎಂದು ಅಂಟಿಸುವುದೇ ತಿದ್ದುಪಡಿ. ಸಂಬಳವಿಲ್ಲದೆ, ರಾತ್ರಿ ಊಟವಾದ ಮೇಲೆ ಕೂತು ಇವನ್ನೆಲ್ಲ ನೋಡುವ ಮೇಲ್ವಿಚಾರಕರು ರೋಸಿಹೋದರು. ಕೆಲವರ ಸಿಟ್ಟು ಇಡೀ ಭಾರತೀಯ ವಿದ್ಯಾರ್ಥಿಗಳ ಮೇಲೆ ತಿರುಗಿತು, ಅದು ಓದುವಂತಿರಲಿಲ್ಲ. ಮೊದಲ ವಾರದೊಳಗೇ ನಿಯಮ ಬದಲಾಯಿತು, ಒಪ್ಪಿಕೊಂಡ ಯೋಜನೆಗಳಿಗೆ ಮಾತ್ರ ಕಳಿಸಬಹುದು ಎಂದಾಯಿತು.

ನಮಗೆ ಇಬ್ಬರ ಮೇಲೂ ಅನುಕಂಪ ಇದೆ. ಕೆಲಸಕ್ಕೆ ದಾರಿಯಾದೀತು ಎಂದು ಯಾರೋ ಹೇಳಿದ್ದನ್ನು ನಂಬಿ ಬಂದ ಹುಡುಗನದು ದುರುದ್ದೇಶವಲ್ಲ. ದಿನಕ್ಕೆ ಐವತ್ತು ಕಸ ಗುಡಿಸಬೇಕಾದವನ ಬೇಸರವೂ ಸುಳ್ಳಲ್ಲ. ಟೀ ಶರ್ಟ್ ಜನರನ್ನು ಬಾಗಿಲವರೆಗೆ ತಂದಿತು. ಬಾಗಿಲಲ್ಲಿ ನಿಂತು 'ಈ ಸಾಲು ನಿನ್ನದು, ಹೀಗೆ ಹಿಡಿ' ಅನ್ನಲು ಯಾರನ್ನೂ ನೇಮಿಸಿರಲಿಲ್ಲ, ಹಾಗೆ ನಿಲ್ಲುವವರಿಗೆ ಸಮಯವನ್ನೂ ಕೊಟ್ಟಿರಲಿಲ್ಲ.

ಗ್ನೋಮ್‌ನವರ ಆ ಕಾರ್ಯಕ್ರಮ ಈಗ 'ಔಟ್‌ರೀಚಿ' ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಶಾರ್ಪ್ ಕೂಡ ಮುಂದೆ ಅದನ್ನು ನಡೆಸುವವರಲ್ಲಿ ಒಬ್ಬರಾದರು. ಹೆಣ್ಣುಮಕ್ಕಳಿಗೆ ಮಾತ್ರವಲ್ಲ, ತಮ್ಮ ದೇಶದಲ್ಲಿ ತಾರತಮ್ಯ ಉಂಡ ಯಾರು ಬೇಕಾದರೂ ಅರ್ಜಿ ಹಾಕಬಹುದು, 18 ತುಂಬಿರಬೇಕು. ವರ್ಷಕ್ಕೆ ಎರಡು ಸುತ್ತು, ಮೂರು ತಿಂಗಳ ಕೆಲಸ, ಮನೆಯಿಂದಲೇ, ಒಟ್ಟು 7,000 ಡಾಲರ್ ಭತ್ಯೆ. ರೆಸ್ಯೂಮೆ ಕೇಳುವುದಿಲ್ಲ. ಓದಿನಲ್ಲಿ, ಊರಿನಲ್ಲಿ ಎದುರಿಸಿದ್ದನ್ನು ಬರೆಯಲು ಕೇಳುತ್ತಾರೆ. ಮೊದಲ ಅರ್ಜಿ ಪಾಸಾದವರಿಗೆ ಕೆಲವು ವಾರ ಕೊಟ್ಟು, ಸಣ್ಣದೊಂದು ಕೆಲಸ ಮಾಡಿ ತೋರಿಸಲು ಹೇಳುತ್ತಾರೆ. ಆ ವಾರಗಳಲ್ಲಿ ಗೊತ್ತಾಗದಿದ್ದರೆ ಮೆಂಟರ್‌ಗಳನ್ನು ಎಲ್ಲರ ಎದುರೇ ಪ್ರಶ್ನೆ ಕೇಳಬಹುದು. ಕೇಳಬೇಕು ಎಂದೇ ಅವರು ಹೇಳುತ್ತಾರೆ.